ಊಟದ ಮೇಲಿನ ಚಾ: ಅವ್ವನಿಗೆ ರಕ್ತ ಕಡಿಮೆ, ಏನು ಮಾಡೋಣ?

ನವನಗರದ ಹುಡುಗ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅವ್ವನಿಗೆ ಇತ್ತೀಚೆಗೆ ಬಹಳ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9 ಬಂತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಹೊರಡುವಾಗ, "ಊಟದ ಜೊತೆ ಚಾ ಬೇಡ, ಊಟ ಆದ ಕೂಡಲೇನೂ ಬೇಡ" ಅಂದರು. ಅವ್ವ ಅಲ್ಲಿ ಹೂಂ ಹೂಂ ಅಂತ ತಲೆ ಆಡಿಸಿದಳು. ಮನೆಗೆ ಬಂದು ರೊಟ್ಟಿ ತಿಂದು, ಗಂಗಾಳ ತೊಳೆಯುವ ಮೊದಲೇ ಚಾಕ್ಕೆ ಇಟ್ಟಳು.

ಅವಳ ಚಾದ ಲೆಕ್ಕ ಹೀಗಿದೆ. ಏಳುತ್ತಿದ್ದ ಹಾಗೆ ಒಂದು. ಮುಂಜಾನೆ ರೊಟ್ಟಿ ಜೊತೆ ಒಂದು. ಮಧ್ಯಾಹ್ನದ ಊಟ ಮುಗಿಸಿ ಒಂದು. ನಾಲ್ಕರ ಹೊತ್ತಿಗೆ ಓಣಿಯ ಹೆಂಗಸರು ಕಟ್ಟೆಗೆ ಬಂದರೆ ಅವರ ಜೊತೆ ಒಂದು. ಬೀಗರು ಯಾರಾದರೂ ಬಂದರೆ ಲೆಕ್ಕವೇ ಇಲ್ಲ.

ಚಾ ನಿಜವಾಗಿ ಕಬ್ಬಿಣ ತಡೆಯುತ್ತದಾ, ಅಥವಾ ಎಲ್ಲರಿಗೂ ಹೇಳುವ ಮಾತಾ ಇದು? ಪೂರ್ತಿ ಬಿಡಿಸಿ ಅನ್ನುವವರು ದಯವಿಟ್ಟು ಸುಮ್ನಿರಿ. ಚಾ ಬಿಡು ಅಂದರೆ ಮಾತ್ರೆ ಬಿಡುತ್ತಾಳೆ, ಅಂಥವಳು ನಮ್ಮವ್ವ.

ಔಷಧಿ ಅಂಗಡಿ, ಜಮಖಂಡಿ

ತಮ್ಮಾ, ಡಾಕ್ಟರು ಹೇಳಿದ್ದು ಸರಿ ಇದೆ. ಕಬ್ಬಿಣದ ಮಾತ್ರೆ ಒಯ್ಯಲು ಬರುವವರಿಗೆ ನಾನೂ ಇದನ್ನೇ ಹೇಳುತ್ತೇನೆ. ಅರ್ಧ ಜನ ನಕ್ಕು ಹೋಗುತ್ತಾರೆ.

ಚಹಾ ಕುಡಿದಾಗ ನಾಲಿಗೆಗೆ ಒಗರು ಹಿಡಿಯುತ್ತದಲ್ಲ, ಅದು ಟ್ಯಾನಿನ್ ಜಾತಿಯ ಪಾಲಿಫಿನಾಲ್‌ಗಳ ಕೆಲಸ. ರೊಟ್ಟಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ಇವು ಹೊಟ್ಟೆಯಲ್ಲೇ ಹಿಡಿದು ಕೂರಿಸುತ್ತವೆ. ಅದು ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತದೆ. ಮಾಂಸದಲ್ಲಿರುವ ಕಬ್ಬಿಣಕ್ಕೆ ಈ ಕಾಟ ಕಡಿಮೆ. ಆದರೆ ನಮ್ಮ ಕಡೆ ರೊಟ್ಟಿ-ಪಲ್ಯದ ಮನೆಗಳೇ ಜಾಸ್ತಿ, ಹಾಗಾಗಿ ಪೆಟ್ಟೂ ನಮಗೇ ಜಾಸ್ತಿ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರದ ಮಾರ್ಗಸೂಚಿ ಹೊರತಂದವು. ಊಟಕ್ಕೆ ಒಂದು ತಾಸು ಮುಂಚೆ, ಊಟ ಆಗಿ ಒಂದು ತಾಸಿನವರೆಗೆ ಚಹಾ-ಕಾಫಿ ಬೇಡ ಅಂತ ಅದರಲ್ಲಿ ಇದೆ. ಚಹಾ ಬಿಡಿ ಅಂತ ಇಲ್ಲ.

ಮಾತ್ರೆಯನ್ನು ನೀರಿನಲ್ಲಿ ನುಂಗಲಿ. ಲಿಂಬು ನೀರಾದರೆ ಇನ್ನೂ ಚಲೋ. ಹಾಲು ಬೇಡ, ಚಹಾ ಅಂತೂ ಬೇಡವೇ ಬೇಡ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದು ಬೇರೆ ಹೊತ್ತಿಗೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಇಲ್ಲಿ ಯಾರಾದರೂ ಇದ್ದರೆ ನೀವೂ ಕೇಳಿ: ಖಾಲಿ ಹೊಟ್ಟೆಗೆ ನೀರಲ್ಲಿ ನುಂಗಿ, ಅರ್ಧ ತಾಸಿನಿಂದ ಒಂದು ತಾಸು ಬಿಟ್ಟೇ ಮೊದಲ ಚಹಾ. ಎದ್ದ ಕೂಡಲೇ ಚಹಾದ ಜೊತೆಗೇ ಮಾತ್ರೆ ನುಂಗಿ, "ಡೋಸ್ ಜಾಸ್ತಿ ಮಾಡಿದರೂ ಕಡಿಮೆ ಆಗ್ತಿಲ್ಲ ರೀ" ಅಂತ ಬರುವವರು ಬಹಳ.

ಇನ್ನೊಂದು ಮಾತು. 9ಕ್ಕೆ ಇಳಿದಿದೆ ಅಂದರೆ ಚಹಾ ಒಂದರ ಮೇಲೇ ತಪ್ಪು ಹೊರಿಸಿ ಕೂರಬೇಡಿ. ಮುಟ್ಟು ನಿಂತ ವಯಸ್ಸಿನವರಾದರೆ ರಕ್ತ ಎಲ್ಲಿ ಹೋಗುತ್ತಿದೆ ಅಂತ ಡಾಕ್ಟರು ನೋಡಲೇಬೇಕು. ಹೊಟ್ಟೆಯ ಹುಣ್ಣು, ಮೂಲವ್ಯಾಧಿ, ಜಂತು, ಬಹಳ ದಿನದಿಂದ ತಗೊಳ್ಳುತ್ತಿರುವ ನೋವಿನ ಗುಳಿಗೆ, ಇವೆಲ್ಲ ಕಾರಣ ಆಗಬಹುದು.

ಗಾಂಧಿ ಚೌಕ, ವಿಜಯಪುರ

ನಮ್ಮಜ್ಜ ದಿನಕ್ಕೆ ಹತ್ತು ಕಪ್ ಕುಡಿದು ತೊಂಬತ್ತು ದಾಟಿದ್ದ. ಆಗ ಟ್ಯಾನಿನ್ ಇರಲಿಲ್ಲ ಕಾಣುತ್ತೆ.

ಟಿಳಕವಾಡಿ ಅಕ್ಕ, ಬೆಳಗಾವಿ

ಗಾಂಧಿ ಚೌಕ ಅಣ್ಣಾ, ಅಜ್ಜ ಇರಲಿ, ನಿಮ್ಮಜ್ಜಿ ಎಷ್ಟು ಕಪ್ ಕುಡಿಯುತ್ತಿದ್ದರು? ಅವರ ಹಿಮೋಗ್ಲೋಬಿನ್ ಎಷ್ಟಿತ್ತು ಅಂತ ಮನೆಯಲ್ಲಿ ಯಾರಾದರೂ ಕೇಳಿದ್ದರಾ? ತಿಂಗಳಾ ತಿಂಗಳಾ ರಕ್ತ ಹೋಗುವುದು ಹೆಣ್ಣುಮಕ್ಕಳಿಗೆ. ಹೆರಿಗೆ, ಬಾಣಂತನ ಎಲ್ಲ ಅವರದ್ದೇ. ಎಲ್ಲರದ್ದೂ ಆದ ಮೇಲೆ ಉಳಿದದ್ದನ್ನು ಉಣ್ಣುವವರೂ ಅವರೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅಜ್ಜನ ಕಥೆ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ಕಲಿಸುತ್ತೇನೆ. ಮುಂಜಾನೆ ಏನು ತಿಂದು ಬಂದಿರಿ ಅಂತ ಕೇಳಿದರೆ ಅರ್ಧ ಕ್ಲಾಸು ಹೇಳುವುದು ಒಂದೇ: ಚಾ-ಚಪಾತಿ, ಚಾ-ಖಾರಿ, ಚಾ-ಟೋಸ್ಟ್. ಚಪಾತಿಯಲ್ಲಿ ಇದ್ದ ಚೂರುಪಾರು ಕಬ್ಬಿಣವೂ ಕಪ್ಪಿನಲ್ಲೇ ಮುಳುಗಿ ಹೋಯಿತು ಅಂತ ತಿಳಿಯಿರಿ. ದೊಡ್ಡವರ ಚಾದ ಚಿಂತೆಗಿಂತ ನನಗೆ ಈ ಮಕ್ಕಳ ಚಿಂತೆಯೇ ಜಾಸ್ತಿ.

ನವನಗರದ ತಮ್ಮಾ, ಅವ್ವನ ತಾಟು ಬದಲಾಯಿಸಿದರೆ ಚಾ ಬಿಡಿಸುವುದಕ್ಕಿಂತ ಸಲೀಸಾಗುತ್ತದೆ. ರೊಟ್ಟಿ ಜೊತೆ ಹಸಿ ಹಕ್ಕರಕಿ, ಮೆಂತೆ ತಪ್ಪಲು, ಉಳ್ಳಾಗಡ್ಡಿ ನಮ್ಮ ಕಡೆ ಮೊದಲಿನಿಂದ ಇದ್ದದ್ದೇ. ಕಾಳಿನ ಪಲ್ಯದ ಮೇಲೆ ಅರ್ಧ ಲಿಂಬು ಹಿಂಡಿ. ಲಿಂಬುವಿನ ಸಿ ಜೀವಸತ್ವ ಕಬ್ಬಿಣವನ್ನು ರಕ್ತಕ್ಕೆ ಎಳೆಯುತ್ತದೆ, ಟ್ಯಾನಿನ್ನಿನ ಕಾಟವನ್ನೂ ಸ್ವಲ್ಪ ಮುರಿಯುತ್ತದೆ. ಇಂಡಿ ಲಿಂಬು ಪಕ್ಕದಲ್ಲೇ ಬೆಳೆಯುತ್ತದೆ, ಅದಕ್ಕೇನೂ ಕೊರತೆ ಇಲ್ಲ. ಆಗಾಗ ಜೋಳದ ಬದಲು ಸಜ್ಜಿ ರೊಟ್ಟಿ ಮಾಡಿ, ಸಜ್ಜಿಯಲ್ಲಿ ಕಬ್ಬಿಣ ಜೋಳಕ್ಕಿಂತ ಜಾಸ್ತಿ.

ಮಗ್ಗದ ಮನೆ, ಬನಹಟ್ಟಿ

ಎಲ್ಲರೂ ಕಬ್ಬಿಣದ ಮಾತೇ ಆಡುತ್ತಿದ್ದೀರಿ. ಚಾದ ಸುಖದ ಬಗ್ಗೆ ಒಂದು ಮಾತೂ ಇಲ್ಲವಲ್ಲ!

ನಮ್ಮದು ಪವರ್‌ಲೂಮ್. ಮಗ್ಗ ಶುರುವಾದರೆ ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲ. ಸನ್ನೆಯಲ್ಲೇ ದಿನ ಹೋಗುತ್ತದೆ. ಹುಡುಗ ಕಿಟ್ಲಿ ಹಿಡಿದುಕೊಂಡು ಬಂದಾಗ ಮಗ್ಗ ನಿಲ್ಲಿಸಿ ಹೊರಗೆ ಬರುತ್ತೇವೆ. ಕಿವಿ ಇನ್ನೂ ಗುಂಯ್ ಅಂತಿರುತ್ತದೆ. ಒಬ್ಬರಿಗೆ ಅರ್ಧ ಗ್ಲಾಸು, ಅಷ್ಟೇ. ಅಷ್ಟರಲ್ಲೇ ಯಾರ ಮನೆಯಲ್ಲಿ ಲಗ್ನ, ನೂಲಿನ ರೇಟು ಎಷ್ಟಾಯಿತು, ಯಾರ ಮಗ ಪುಣೆಗೆ ಹೋದ, ಎಲ್ಲ ಮಾತಾಗಿ ಮುಗಿಯುತ್ತದೆ. ಆ ಅರ್ಧ ಗ್ಲಾಸು ಇಲ್ಲದಿದ್ದರೆ ನಾವು ಒಬ್ಬರಿಗೊಬ್ಬರು ಮಾತೇ ಆಡುತ್ತಿರಲಿಲ್ಲವೇನೋ. ಹಾಲು ಜಾಸ್ತಿಯೋ ಪುಡಿ ಜಾಸ್ತಿಯೋ ಅಂತ ಯಾರೂ ನೋಡುವುದಿಲ್ಲ, ಬಿಸಿ ಇದ್ದರೆ ಆಯಿತು.

ಆದರೂ ಒಂದು ಕೇಳಬೇಕಿತ್ತು. ನಮ್ಮಲ್ಲಿ ಶುಗರ್ ಬಂದವರು ಜಾಸ್ತಿ ಆಗುತ್ತಿದ್ದಾರೆ. ಚಾದಿಂದ ಶುಗರ್ ಬರುತ್ತದಾ?

ಔಷಧಿ ಅಂಗಡಿ, ಜಮಖಂಡಿ

ಅಣ್ಣಾ, ಚಹಾ ಪುಡಿಯಿಂದ ಬರುವುದಿಲ್ಲ. ಸಕ್ಕರೆಯ ಲೆಕ್ಕ ಹಾಕಿ ನೋಡಿ. ಒಂದು ಚಮಚ ಅಂದರೆ ನಾಲ್ಕೈದು ಗ್ರಾಂ. ಕಪ್ಪಿಗೆ ಎರಡು ಚಮಚದಂತೆ ಆರು ಕಪ್ ಕುಡಿದರೆ 50 ಗ್ರಾಂ ಹತ್ತಿರ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಉತ್ತಮ ಅನ್ನುತ್ತದೆ. ಚಹಾ ಒಂದರಲ್ಲೇ ಅದರ ದುಪ್ಪಟ್ಟು. ಮೇಲೆ ಬಿಸ್ಕಿಟ್ ಬೇರೆ. ಕೂತು ಮಾಡುವ ಕೆಲಸ, ವಯಸ್ಸು, ಮನೆತನ ಎಲ್ಲ ಸೇರಿ ಶುಗರ್ ಬರುತ್ತದೆ. ಇಷ್ಟು ಸಕ್ಕರೆ ಮೈ ತೂಕ ಏರಿಸಿ ಅದಕ್ಕೆ ದಾರಿ ಮಾಡಿಕೊಡುತ್ತದೆ.

ಕಿಟ್ಲಿ ಚಾದಲ್ಲಿ ಸಕ್ಕರೆ ಮೊದಲೇ ಬಿದ್ದಿರುತ್ತದೆ ಅನ್ನುವುದೇ ತೊಂದರೆ. ಹುಡುಗನಿಗೆ ಹೇಳಿ ಒಂದು ಸಣ್ಣ ಕಿಟ್ಲಿ ಸಕ್ಕರೆ ಇಲ್ಲದ್ದು ತರಿಸಿ. ಮೊದಲು ಎಲ್ಲರೂ ಮೂಗು ಮುರಿಯುತ್ತಾರೆ. ಒಂದೇ ಸಲ ಬಿಡದೆ ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರೆ ನಾಲಿಗೆ ಹೊಂದಿಕೊಳ್ಳುತ್ತದೆ.

ಬೆಲ್ಲದ ಪೇಟೆ, ಮಹಾಲಿಂಗಪುರ

ಇಷ್ಟೆಲ್ಲ ಯಾಕೆ ರೀ? ಸಕ್ಕರೆ ಬಿಟ್ಟು ಬೆಲ್ಲ ಹಾಕಿ! ಬೆಲ್ಲದಲ್ಲಿ ಕಬ್ಬಿಣ ಇದೆ, ಅವ್ವನ ರಕ್ತವೂ ಏರುತ್ತದೆ, ಶುಗರ್‌ನವರಿಗೂ ತೊಂದರೆ ಇಲ್ಲ. ನಮ್ಮೂರ ಬೆಲ್ಲ ತಗೊಂಡು ಹೋಗಿ ನೋಡಿ.

ಔಷಧಿ ಅಂಗಡಿ, ಜಮಖಂಡಿ

ಬೆಲ್ಲದ ರುಚಿಗೆ ನನ್ನ ತಕರಾರಿಲ್ಲ, ನಮ್ಮ ಮನೆಯಲ್ಲೂ ಮಹಾಲಿಂಗಪುರದ ಬೆಲ್ಲವೇ. ಆದರೆ ಶುಗರ್‌ನವರಿಗೆ ತೊಂದರೆ ಇಲ್ಲ ಅನ್ನಬೇಡಿ ಅಣ್ಣಾ. ಬೆಲ್ಲದಲ್ಲಿ ಇರುವ ಬಹುಪಾಲು ಸಕ್ಕರೆಯೇ. ರಕ್ತದ ಸಕ್ಕರೆ ಎರಡರಲ್ಲೂ ಏರುತ್ತದೆ. ಕಬ್ಬಿಣ ಇದೆ, ಹೌದು. ಒಂದು ಚಮಚ ಬೆಲ್ಲದಲ್ಲಿ ಎಷ್ಟು ಬಂದೀತು? ಬಂದದ್ದರಲ್ಲೂ ಬಹುಪಾಲನ್ನು ಅದೇ ಕಪ್ಪಿನ ಚಹಾ ಹಿಡಿದುಕೊಂಡು ಬಿಡುತ್ತದೆ. ರಕ್ತಕ್ಕಾಗಿ ಬೆಲ್ಲ ತಿನ್ನಬೇಕು ಅಂದರೆ ಶೇಂಗಾ ಜೊತೆ ಉಂಡಿ ಮಾಡಿ ತಿನ್ನಿ, ಚಹಾದಲ್ಲಿ ಕರಗಿಸಬೇಡಿ.

ಬೆಲ್ಲದ ಪೇಟೆ, ಮಹಾಲಿಂಗಪುರ

ಸಕ್ಕರೆ ಕಾರ್ಖಾನೆಯವರು ನಿಮಗೆ ಏನಾದರೂ ಕೊಡುತ್ತಾರಾ? 😄

ಹಸಿರು ಹಾದಿ, ಬೆಳಗಾವಿ

ಹಾಲಿನ ಚಹಾ ಅನ್ನುವುದೇ ತಪ್ಪು ಅಭ್ಯಾಸ. ಎಲ್ಲರೂ ಗ್ರೀನ್ ಟೀ ಶುರು ಮಾಡಿ. ತೂಕ ಇಳಿಯುತ್ತದೆ, ದೇಹದ ವಿಷ ಎಲ್ಲ ಹೊರಗೆ ಹೋಗುತ್ತದೆ, ಕಬ್ಬಿಣದ ತಂಟೆಯೂ ಇಲ್ಲ.

ಟಿಳಕವಾಡಿ ಅಕ್ಕ, ಬೆಳಗಾವಿ

ಕಬ್ಬಿಣದ ತಂಟೆ ಇಲ್ಲ ಅಂದವರು ಯಾರು? ಗ್ರೀನ್ ಟೀಯಲ್ಲೂ ಪಾಲಿಫಿನಾಲ್ ತುಂಬಿದೆ, ಅದೂ ಕಬ್ಬಿಣ ತಡೆಯುತ್ತದೆ. ಹಸಿರೋ ಕಪ್ಪೋ, ಗಿಡ ಒಂದೇ, ಕ್ಯಾಮೆಲಿಯಾ ಸೈನೆನ್ಸಿಸ್. ಎಲೆ ಕೊಯ್ದ ಕೂಡಲೇ ಹಬೆಯಲ್ಲಿಯೋ ಬಾಣಲೆಯಲ್ಲಿಯೋ ಬಿಸಿ ಮಾಡಿದರೆ ಹಸಿರಾಗಿ ಉಳಿಯುತ್ತದೆ. ಹಾಗೇ ಬಾಡಿಸಿ, ಹಿಚುಕಿ, ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ದೇಹದ ವಿಷ ಹೊರಗೆ ಹಾಕಲು ಯಕೃತ್ತು, ಮೂತ್ರಪಿಂಡ ಇವೆ. ತೂಕ ಇಳಿಸುವ ಗ್ರೀನ್ ಟೀ ಗುಳಿಗೆಗಳಿಂದ ಯಕೃತ್ತಿಗೇ ಪೆಟ್ಟು ಬಿದ್ದವರಿದ್ದಾರೆ, ಅದನ್ನೂ ನೆನಪಿಡಿ. ಕಪ್ಪಿನಲ್ಲಿ ಕುಡಿಯುವ ಗ್ರೀನ್ ಟೀ ಬಗ್ಗೆ ಏನೂ ಹೇಳುತ್ತಿಲ್ಲ, ಇಷ್ಟ ಇದ್ದವರು ಕುಡಿಯಲಿ. ಔಷಧಿ ಅಂತ ಮುಖ ಕಿವುಚಿಕೊಂಡು ಕುಡಿಯುವುದು ನನಗಂತೂ ಆಗದ ಮಾತು.

ಹಾಲಿನ ಚಹಾ ದಂಡ ಅನ್ನುವವರಿಗೆ ಒಂದು ಲೆಕ್ಕ. ಬ್ರಿಟನ್ನಿನಲ್ಲಿ 40ರಿಂದ 69 ವಯಸ್ಸಿನ ಸುಮಾರು 5 ಲಕ್ಷ ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನ 2022ರಲ್ಲಿ ಬಂತು. ಅಲ್ಲಿನವರು ಕುಡಿಯುವುದು ಹೆಚ್ಚಾಗಿ ಕಪ್ಪು ಚಹಾ ಪುಡಿಯದ್ದೇ. ದಿನಕ್ಕೆ ಎರಡು ಕಪ್ ಮತ್ತು ಅದಕ್ಕಿಂತ ಜಾಸ್ತಿ ಕುಡಿಯುವವರಲ್ಲಿ, ಕುಡಿಯದವರಿಗಿಂತ ಸಾವಿನ ಅಪಾಯ ಶೇ 9ರಿಂದ 13ರಷ್ಟು ಕಡಿಮೆ ಕಂಡಿತು. ಹಾಲು ಹಾಕಿದವರಲ್ಲೂ ಹಾಗೇ ಇತ್ತು. ಆದರೆ ಇದು ಬರೀ ನೋಡಿ ಬರೆದುಕೊಂಡ ಲೆಕ್ಕ. ಚಹಾ ಕುಡಿದದ್ದಕ್ಕೇ ಬದುಕಿದರು ಅಂತ ಇದರಿಂದ ಹೇಳಲು ಬರುವುದಿಲ್ಲ. ಚಹಾ ಕುಡಿದು ಸತ್ತರು ಅಂತಲೂ ಹೇಳಲು ಬರುವುದಿಲ್ಲ ಅನ್ನುವುದಷ್ಟೇ ನನಗೆ ಸಮಾಧಾನ.

ಚಹಾದಲ್ಲಿ ಕೆಫೀನ್ ಜೊತೆಗೆ ಥಿಯಾನಿನ್ ಅಂತ ಇನ್ನೊಂದು ಇರುತ್ತದೆ. ಕೆಫೀನ್ ಎಚ್ಚರ ಮಾಡುತ್ತದೆ, ಥಿಯಾನಿನ್ ಮನಸ್ಸನ್ನು ಸ್ವಲ್ಪ ತಣ್ಣಗಿಡುತ್ತದೆ. ಪೇಪರ್ ತಿದ್ದುವ ದಿನಗಳಲ್ಲಿ ನನಗೆ ಕಾಫಿಗಿಂತ ಚಹಾವೇ ಹಿಡಿಸುವುದು ಇದಕ್ಕೇ ಇರಬೇಕು.

ಗಾಂಧಿ ಚೌಕ, ವಿಜಯಪುರ

ಅಕ್ಕಾ, ಅಜ್ಜಿಯ ಮಾತು ಮನಸ್ಸಿಗೆ ತಾಗಿತು. ಮನೆಯಲ್ಲಿ ಕೇಳಿದೆ. ಅಜ್ಜಿ ಯಾವಾಗಲೂ ಗೋಡೆ ಹಿಡಿದುಕೊಂಡೇ ಓಡಾಡುತ್ತಿದ್ದಳಂತೆ. ರಕ್ತ ಯಾರೂ ನೋಡಿಸಿರಲಿಲ್ಲ.

ಸ್ಟೇಷನ್ ರೋಡ್ ಚಾ, ವಿಜಯಪುರ

ನಮ್ಮದು ಚಾದ ಅಂಗಡಿ. ಅಪ್ಪನ ಕಾಲದಿಂದ ನಡೆಸುತ್ತಿದ್ದೇವೆ. ಓದಿದವರು ನೀವೆಲ್ಲ ಟ್ಯಾನಿನ್ ಅನ್ನುತ್ತೀರಿ, ನಾವು ಕಡಕ್ ಅನ್ನುತ್ತೇವೆ. ಆ ಕಡಕ್ ಎಲ್ಲಿಂದ ಬರುತ್ತದೆ ಅಂತ ಹೇಳುತ್ತೇನೆ.

ನಮ್ಮ ಅಂಗಡಿಗಳಲ್ಲಿ ಬಳಸುವುದು ಕಾಳು ಕಾಳಾಗಿರುವ ಸಿಟಿಸಿ ಪುಡಿ. ಎಲೆಯನ್ನು ಹಲ್ಲಿರುವ ರೋಲರ್ ನಡುವೆ ಹಾಕಿ ಜಜ್ಜಿ, ಹರಿದು, ಸುರುಳಿ ಮಾಡುತ್ತಾರೆ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಯಂತ್ರವಂತೆ. ಎಲೆ ಅಷ್ಟು ಸಣ್ಣಗಾದ್ದರಿಂದ ಬಣ್ಣವೂ ಒಗರೂ ಬೇಗ ಬಿಡುತ್ತದೆ. ಉದ್ದ ಎಲೆಯ ಚಹಾ ತಂದು ನಮ್ಮ ಹಾಲಿಗೆ ಹಾಕಿದರೆ ಬಿಸಿನೀರು ಕುಡಿದಂಗೆ ಆಗುತ್ತದೆ.

ಮೊದಲು ನೀರು ಕುದಿಯಬೇಕು. ಆಮೇಲೆ ಜಜ್ಜಿದ ಅಲ್ಲ (ಶುಂಠಿ) ಹಾಕಿ. ಹಸಿ ಅಲ್ಲ ಸೀದಾ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ನೀರಲ್ಲಿ ಕುದ್ದ ಮೇಲೆ ಆ ಭಯ ಇಲ್ಲ. ಹೊಸದಾಗಿ ಅಂಗಡಿ ಹಾಕಿದವರು ಇಲ್ಲೇ ಒಂದು ಬೋಗುಣಿ ಹಾಲು ಕಳೆದುಕೊಳ್ಳುತ್ತಾರೆ. ಅಲ್ಲದ ವಾಸನೆ ಮೇಲೆ ಬಂದಾಗ ಸಕ್ಕರೆ, ಪುಡಿ. ಪುಡಿ ಹಾಕಿದ ಮೇಲೆ ಎರಡು ಮೂರು ನಿಮಿಷ ಕುದ್ದರೆ ಸಾಕು. ಬಣ್ಣ ಕೆಂಪು ಇಟ್ಟಿಗೆಯಂಗೆ ಬಂದಾಗ ಹಾಲು. ಹಾಲು ಉಕ್ಕಿ ಮೇಲೆ ಬಂದಾಗ ಸೌಟಿನಿಂದ ಎತ್ತಿ ಸುರಿಯಬೇಕು. ಉಕ್ಕು ಇಳಿಯುತ್ತದೆ, ಮತ್ತೆ ಏರುತ್ತದೆ. ಕೆನೆ ಚಾದೊಳಗೇ ಕೂಡಿಕೊಳ್ಳುತ್ತದೆ. ಏಲಕ್ಕಿ ಕೊನೆಗೆ, ಬೆಂಕಿ ಸಣ್ಣ ಮಾಡಿ. ಮೊದಲೇ ಹಾಕಿದರೆ ವಾಸನೆ ಎಲ್ಲ ಬೀದಿಗೆ ಹೋಗುತ್ತದೆ, ಗಿರಾಕಿಗೆ ಏನೂ ಉಳಿಯುವುದಿಲ್ಲ.

ಕಹಿ ಎಲ್ಲಿ ಬರುತ್ತದೆ ಅಂದರೆ, ಹಳೇ ಚರಟದ ಮೇಲೇ ಹೊಸ ಪುಡಿ ಸುರಿದು ಮುಂಜಾನೆಯಿಂದ ಸಂಜೆವರೆಗೆ ಕುದಿಸುತ್ತಾರಲ್ಲ, ಅಲ್ಲಿ. ಅಂಥ ಚಾ ಕುಡಿದರೆ ಎದೆ ಉರಿಯುತ್ತದೆ. ಬೈಸಿಕೊಳ್ಳುವುದು ಮಾತ್ರ ಎಲ್ಲ ಅಂಗಡಿಯವರು.

ಕಾಗದದ ಕಪ್ ನಾವು ಇಡುವುದಿಲ್ಲ. ಒಳಗೆ ತೆಳ್ಳನೆ ಪ್ಲಾಸ್ಟಿಕ್ ಪದರ ಇರುತ್ತದೆ. ಖರಗಪುರದ ಐಐಟಿಯವರು 2020ರಲ್ಲಿ ನೋಡಿದರಂತೆ: 100 ಮಿಲಿ ಬಿಸಿ ನೀರು ಕಾಲು ತಾಸು ಇಟ್ಟರೆ ಅದರಿಂದ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಅಂತ. ಮಗಳು ಮೊಬೈಲಿನಲ್ಲಿ ತೋರಿಸಿದಳು. ನಾವು ಗಾಜಿನ ಗ್ಲಾಸನ್ನು ಕುದಿಯುವ ನೀರಲ್ಲಿ ತೊಳೆದು ಕೊಡುತ್ತೇವೆ. ಆಳಿಗೆ ಕೆಲಸ ಜಾಸ್ತಿ, ಗೊಣಗುತ್ತಾನೆ.

ಊಟದ ಹೊತ್ತಿಗೆ ಚಾ ಕೊಡಬೇಡಿ ಅಂತ ಮಾತ್ರ ನಮಗೆ ಹೇಳಬೇಡಿ. ಪಕ್ಕದ ಖಾನಾವಳಿಯಲ್ಲಿ ಉಂಡವರೆಲ್ಲ ಸೀದಾ ನಮ್ಮಲ್ಲಿಗೇ ಬರುವುದು!

ಖಡೇಬಜಾರ್ ಕಾಕಾ, ಬೆಳಗಾವಿ

ಸ್ಟೇಷನ್ ರೋಡಿನವರೇ, ಚಲೋ ಬರೆದಿರಿ. ಓದುತ್ತಾ ಓದುತ್ತಾ ನಮ್ಮ ಮನೆಯವರಿಗೆ ಒಂದು ಕಪ್ ಇಡಲು ಹೇಳಿದೆ.

ನಮ್ಮ ಬೆಳಗಾವಿಗೆ ಮಳೆ ಹಿಡಿದರೆ ಬಿಡುವುದಿಲ್ಲ. ಜುಲೈನಲ್ಲಿ ಬಟ್ಟೆ ಒಣಗುವುದಿಲ್ಲ, ಕೊಡೆ ಒಣಗುವುದಿಲ್ಲ. ಆಗ ಕಾಂದಾ ಭಜಿ ಜೊತೆ ಒಂದು ಚಹಾ ಸಿಕ್ಕರೆ ಇನ್ನೇನು ಬೇಕು? ಮಾರ್ಕೆಟಿನಲ್ಲಿ ಅಲ್ಲದ ಪಕ್ಕದಲ್ಲೇ ಗವತಿ ಚಹಾದ ಸಿವುಡು ಸಿಗುತ್ತದೆ. ಆ ಹುಲ್ಲು ನಾಲ್ಕೆಳೆ ಗಂಟು ಹಾಕಿ ಹಾಕಿದರೆ ಮನೆಯೆಲ್ಲ ಲಿಂಬಿ ವಾಸನೆ. ಹಿತ್ತಲಲ್ಲಿ ತಾನೇ ಬೆಳೆಯುತ್ತದೆ, ಅದಕ್ಕೇ ಅದಕ್ಕೆ ಬೆಲೆ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಲ್ವಾ? ಚಹಾ ಪುಡಿ ಹಾಕದೆ ಬರೀ ಆ ಹುಲ್ಲನ್ನೇ ಕುದಿಸಿ ಕುಡಿದರೆ ಕೆಫೀನೂ ಇಲ್ಲ. ರಾತ್ರಿ ನಿದ್ದೆ ಬರದ ನನ್ನಂಥವರಿಗೆ ಸಂಜೆ ಮೇಲೆ ಅದೇ ಗತಿ. ಕುಡಿದು ಐದು ತಾಸಾದರೂ ಅರ್ಧ ಕೆಫೀನ್ ಮೈಯಲ್ಲೇ ಇರುತ್ತದೆ ಅಂತ ಡಾಕ್ಟರು ಹೇಳಿದ ಮೇಲೆ ರಾತ್ರಿ ಊಟದ ನಂತರದ ಚಹಾ ಬಿಟ್ಟೆ.

ಬಸಿಯ (ಸಾಸರ್) ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಕಾಲದವರು ಕಪ್ಪಿನಲ್ಲಿ ಕುಡಿಯುತ್ತಲೇ ಇರಲಿಲ್ಲ. ಬಸಿಗೆ ಸುರಿಯಬೇಕು, ಎರಡೂ ಕೈಯ ಬೆರಳಿನಲ್ಲಿ ಅಂಚು ಹಿಡಿಯಬೇಕು, ಒಮ್ಮೆ ಊದಬೇಕು, ಸುರ್ ಅಂತ ಎಳೆಯಬೇಕು. ಮೊಮ್ಮಕ್ಕಳಿಗೆ ನಾಚಿಕೆ. ಹೋಟೆಲಿನಲ್ಲಿ ಹಾಗೆ ಕುಡಿದರೆ ಮೇಜಿನ ಕೆಳಗೆ ಕಾಲು ತುಳಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು 2016ರಲ್ಲಿ ಏನು ಹೇಳಿದ್ದಾರೆ ನೋಡಿ: 65 ಡಿಗ್ರಿಗಿಂತ ಜಾಸ್ತಿ ಬಿಸಿ ಇರುವ ಯಾವ ಪಾನೀಯವಾದರೂ ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗಬಹುದು. ಚಹಾದ ತಪ್ಪಲ್ಲ, ಸುಡುವ ಬಿಸಿಯ ತಪ್ಪು. ಈಗಿನ ಹುಡುಗರು ಒಲೆ ಮೇಲಿಂದ ಇಳಿದದ್ದನ್ನು ನಿಂತಲ್ಲೇ ಗಂಟಲಿಗೆ ಸುರಿದುಕೊಂಡು ಗಾಡಿ ಹತ್ತುತ್ತಾರೆ. ಬಸಿಗೆ ಸುರಿದರೆ ಕ್ಷಣದಲ್ಲಿ ಹದಕ್ಕೆ ಬರುತ್ತದೆ.

ಇನ್ನೊಂದು. ಚಹಾ ನಮ್ಮ ಪುರಾತನ ಪದ್ಧತಿ ಅನ್ನುವ ಥರ ಮಾತಾಡುತ್ತೇವೆ. ಮನೆಗೆ ಬಂದವರಿಗೆ ಮೊದಲು ಕೊಡುತ್ತಿದ್ದದ್ದು ಬೆಲ್ಲ-ನೀರು, ಇಲ್ಲವೇ ಮಜ್ಜಿಗೆ. ಬ್ರಿಟಿಷರು 1903ರಲ್ಲಿ ಚಹಾದ ಮೇಲೆ ಸೆಸ್ ಹಾಕಿ, ಆ ದುಡ್ಡಿನಲ್ಲೇ ಪ್ರಚಾರಕ್ಕೆ ಇಳಿದರು. ಆಮೇಲಾಮೇಲೆ ರೈಲ್ವೆ ಸ್ಟೇಷನ್ನುಗಳಲ್ಲಿ ಬೋರ್ಡು, ಪೇಟೆಗಳಲ್ಲಿ ಪುಕ್ಕಟೆ ಚಹಾ, ಹೀಗೆ ರುಚಿ ಹತ್ತಿಸಿದರು. ಪುಕ್ಕಟೆ ಕೊಟ್ಟದ್ದು ಸಾಕಾಯಿತು, ಉಳಿದದ್ದನ್ನು ನಾವೇ ನೋಡಿಕೊಂಡೆವು.

ಬೋರ್ ನೀರು, ಇಳಕಲ್

ಬೆಳಗಾವಿಯವರಿಗೆ ರಾಕಸಕೊಪ್ಪ ಜಲಾಶಯದ ನೀರು, ಅವರ ಚಾ ರುಚಿ ಆಗಲೇಬೇಕು. ನಮ್ಮ ಕಡೆ ಬೋರ್ ನೀರಲ್ಲಿ ಕರಿ ಚಾ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಮೇಲೆ ತೆಳ್ಳನೆ ಕಂದು ಪೊರೆ ಕಟ್ಟುತ್ತದೆ. ಚಮಚದಿಂದ ಸರಿಸಿದರೆ ಚೂರು ಚೂರಾಗಿ ಬಿರಿದು ಕಪ್ಪಿನ ಅಂಚಿಗೆ ಮೆತ್ತಿಕೊಳ್ಳುತ್ತದೆ. ಕಲಬೆರಕೆ ಪುಡಿ ಅಂತ ನಮ್ಮ ಓಣಿಯವರು ಕಿರಾಣಿ ಅಂಗಡಿಯವನ ಜೊತೆ ಜಗಳ ಆಡಿದ್ದಾರೆ. ಪಾಪ, ಅವನದ್ದೇನೂ ತಪ್ಪಿಲ್ಲ. ಗಡಸು ನೀರಿನ ಸುಣ್ಣದಂಶ ಚಾದ ಪಾಲಿಫಿನಾಲ್ ಜೊತೆ ಸೇರಿ ಆಗುವುದು ಅದು. ನಾಲ್ಕು ಹನಿ ಲಿಂಬಿ ಹಿಂಡಿದರೆ ಪೊರೆ ಕಟ್ಟುವುದಿಲ್ಲ, ಬಣ್ಣವೂ ತಿಳಿಯಾಗುತ್ತದೆ.

ಕಲಬೆರಕೆ ನೋಡಬೇಕಾದರೆ ದಾರಿ ಬೇರೆ ಇದೆ. ಒದ್ದೆ ಮಾಡಿದ ಬಿಳಿ ಸೋಸುವ ಕಾಗದದ ಮೇಲೆ ಒಣ ಪುಡಿ ಉದುರಿಸಿ. ಕೂಡಲೇ ಬಣ್ಣ ಹರಡಿ ಕಲೆ ಬಿದ್ದರೆ ಬಣ್ಣ ಕಟ್ಟಿದ ಪುಡಿ ಅಂತ ತಿಳಿಯಿರಿ. ಕಬ್ಬಿಣದ ಪುಡಿ ಸೇರಿಸಿದ್ದರೆ ಅಯಸ್ಕಾಂತಕ್ಕೆ ಹತ್ತುತ್ತದೆ.

ನಮ್ಮ ಹುನಗುಂದ, ಇಳಕಲ್ ಕಡೆ ಕೆಲವು ಬೋರ್‌ಗಳಲ್ಲಿ ಹಲ್ಲು, ಎಲುಬು ಕೆಡಿಸುವಷ್ಟು ಫ್ಲೋರೈಡ್ ಇದೆ. ಚಾ ಗಿಡವೂ ಮಣ್ಣಿನಿಂದ ಫ್ಲೋರೈಡ್ ಎಳೆದುಕೊಳ್ಳುವ ಜಾತಿ. ಬಲಿತ ಎಲೆಯಲ್ಲಿ ಅದು ಜಾಸ್ತಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಇಂಥ ಊರುಗಳಲ್ಲಿ ಇರುವವರು ಬರೀ ಕುಡಿಯಲಿಕ್ಕಲ್ಲ, ಚಾಕ್ಕೂ ಶುದ್ಧೀಕರಣ ಘಟಕದ ನೀರೇ ತನ್ನಿ. ಕ್ಯಾನ್ ನೀರು ಕುಡಿಯುವುದಕ್ಕೆ, ಬೋರ್ ನೀರು ಚಾಕ್ಕೆ ಅಂತ ಉಳಿತಾಯ ಮಾಡುವ ಮನೆಗಳು ಬಹಳ ಇವೆ.

ಮಗ್ಗದ ಮನೆ, ಬನಹಟ್ಟಿ

ದಿನಕ್ಕೆ ಒಟ್ಟು ಎಷ್ಟು ಕಪ್ ಕುಡಿಯಬಹುದು? ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ.

ಔಷಧಿ ಅಂಗಡಿ, ಜಮಖಂಡಿ

ಆ ಐಸಿಎಂಆರ್ ಮಾರ್ಗಸೂಚಿ ಪ್ರಕಾರ ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ದಾಟಬಾರದು. 150 ಮಿಲಿ ಚಹಾದಲ್ಲಿ 30ರಿಂದ 65 ಇರುತ್ತದೆ. ನಿಮ್ಮ ಅರ್ಧ ಗ್ಲಾಸು ಅದರ ಅರ್ಧ ಆದೀತು. ಮನೆಯ ದೊಡ್ಡ ಕಪ್ಪಾದರೆ ನಾಲ್ಕಕ್ಕೆ ನಿಲ್ಲಿಸಿ. ಬಸುರಿಯರು ಇನ್ನೂ ಕಡಿಮೆ ಮಾಡಬೇಕು, ಎರಡು ಸಾಕು. ಖಾಲಿ ಹೊಟ್ಟೆಗೆ ಕುಡಿದರೆ ಎದೆ ಉರಿಯುತ್ತದೆ ಅನ್ನುವವರು ಮೊದಲು ಏನಾದರೂ ಬಾಯಿಗೆ ಹಾಕಿಕೊಳ್ಳಿ.

ನವನಗರದ ಹುಡುಗ, ಬಾಗಲಕೋಟೆ

ಎಲ್ಲರಿಗೂ ಧನ್ಯವಾದ ರೀ. ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಕಾಕಾ ಅವರ ಬಸಿಯ ಮಾತು ಬಂದಾಗ ಮಾತ್ರ ಖುಷಿಯಾದಳು, "ನಾ ಹೇಳಿರಲಿಲ್ಲಾ?" ಅಂದಳು.

ಒಪ್ಪಂದ ಹೀಗೆ ಆಗಿದೆ. ಮಧ್ಯಾಹ್ನದ ಊಟ ಒಂದೂವರೆಗೆ ಮುಗಿಯುತ್ತದೆ, ಚಾ ಮೂರು ಗಂಟೆಗೆ. ಓಣಿಯ ಹೆಂಗಸರಿಗೂ ಮೂರಕ್ಕೇ ಬರಲು ಹೇಳಿದ್ದಾಳೆ, ನಾಲ್ಕರ ಚಾ ಅದರಲ್ಲೇ ಸೇರಿಹೋಯಿತು. ಮಾತ್ರೆ ರಾತ್ರಿ ಲಿಂಬು ನೀರಲ್ಲಿ. ಮುಂಜಾನೆ ರೊಟ್ಟಿ ಜೊತೆಗಿನ ಚಾ ಬಿಡಲು ಸುತರಾಂ ಒಪ್ಪುತ್ತಿಲ್ಲ. "ಒಣ ರೊಟ್ಟಿ ಗಂಟಲಲ್ಲಿ ಇಳಿಯುವುದು ಹೆಂಗೆ?" ಅನ್ನುತ್ತಾಳೆ. ಮೊಸರು ಕೊಟ್ಟು ನೋಡುತ್ತಿದ್ದೇನೆ. ರಕ್ತ ಎಲ್ಲಿ ಹೋಗುತ್ತಿದೆ ಅಂತ ನೋಡಲು ಡಾಕ್ಟರು ಇನ್ನೊಂದೆರಡು ಪರೀಕ್ಷೆ ಬರೆದಿದ್ದಾರೆ, ಮುಂದಿನ ವಾರ ಮಾಡಿಸುತ್ತೇವೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಮಹಾಲಿಂಗಪುರದ ಅಣ್ಣನವರ ಮಾತು ಕೇಳಿ ರುಚಿಗಾದರೂ ಇರಲಿ ಅಂತ ಬೆಲ್ಲದ ಚಾ ಮಾಡಿದೆವು. ಹಾಲು ಒಡೆದು ಹೋಯಿತು. ಯಾಕೆ?

ಸ್ಟೇಷನ್ ರೋಡ್ ಚಾ, ವಿಜಯಪುರ

ಹಾಲು ಕುದಿಯುವಾಗ ಬೆಲ್ಲ ಹಾಕಿದಿರಿ, ಅಲ್ವಾ? ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಕುದಿಯುವ ಹಾಲು ಅದನ್ನು ತಡೆಯುವುದಿಲ್ಲ. ನೀರು, ಅಲ್ಲ, ಪುಡಿ, ಬೆಲ್ಲ ಇಷ್ಟನ್ನು ಬೇರೆ ಕುದಿಸಿ ಸೋಸಿಕೊಳ್ಳಿ. ಹಾಲು ಇನ್ನೊಂದು ಬೋಗುಣಿಯಲ್ಲಿ ಕಾಯಲಿ. ಎರಡನ್ನೂ ಒಲೆಯಿಂದ ಇಳಿಸಿದ ಮೇಲೆ ಕೂಡಿಸಿ, ಕೂಡಿಸಿದ ಮೇಲೆ ಮತ್ತೆ ಒಲೆಗೆ ಇಡಬೇಡಿ. ಹಾಲು ಮುಂಜಾನೆಯದ್ದೇ ಇರಲಿ, ಹಿಂದಿನ ದಿನದ ಹಾಲಾದರೆ ಒಡೆಯುವ ಭಯ ಜಾಸ್ತಿ.

ಬೆಲ್ಲದ ಪೇಟೆ, ಮಹಾಲಿಂಗಪುರ

ಬೆಳ್ಳಗೆ ಹೊಳೆಯುವ ಬೆಲ್ಲ ತಂದಿರಬೇಕು ನೀವು. ಕೆಂಪು ಬೆಲ್ಲ ಕೇಳಿ ತಗೊಳ್ಳಿ.